ಜೀಪಿಗೆ ಸಂಕಷ್ಟಿ

ನಮ್ಮ ಮನೆಯ ಜೀಪು ಮೊದಲ ದಿನ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಹಜಾರದ ನುಣುಪು ಟೈಲ್ಸಿನ ಮೇಲೆ ಇದ್ದಲ್ಲೇ ಗಿರಗಿರ ಸುತ್ತಿತು. ಒಳಗೆ ಕೂತಿದ್ದ ಮೊಮ್ಮಗಳು ಕೇಕೆ ಹಾಕಿದಳು. ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತಿದ್ದ ನಾನು ಪೆಚ್ಚಾದೆ.

ತಪ್ಪು ನನ್ನದೇ. ಜೋಡಿಸುವಾಗ ಒಂದು ಮೋಟಾರಿನಲ್ಲಿ ಕೆಂಪು ತಂತಿ ಕೆಂಪಿಗೆ ಹೋಗದೆ ಕಪ್ಪಿಗೆ ಹೋಗಿತ್ತು. ಕಾರ್ಖಾನೆಯವರು ಎಡವಿದ್ದಾರೆ ಅಂದುಕೊಂಡೆ. ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿ ಇತರರ ಲೆಕ್ಕದ ತಪ್ಪು ಹುಡುಕಿದವನು ಸುಮ್ಮನಿರಲಾದೀತೇ? ತಿದ್ದಿದೆ. ಆದರೆ ಮಕ್ಕಳ ಈ ಬ್ಯಾಟರಿ ಗಾಡಿಗಳ ಹಿಂಚಕ್ರದ ಎರಡು ಮೋಟಾರುಗಳು ಒಂದಕ್ಕೊಂದು ಮುಖ ಮಾಡಿ ಕೂತಿರುತ್ತವೆ, ಮದುವೆಮಂಟಪದ ವಧೂವರರ ಹಾಗೆ. ಒಂದು ಬಲಸುತ್ತು, ಇನ್ನೊಂದು ಎಡಸುತ್ತು ತಿರುಗಿದರೆ ಮಾತ್ರ ಎರಡೂ ಚಕ್ರ ಒಂದೇ ದಿಕ್ಕಿಗೆ ಉರುಳುತ್ತವೆ. ಬಣ್ಣಕ್ಕೆ ಬಣ್ಣ ಹೊಂದಿಸಿ ನಾನು ಸಂಸಾರ ಕೆಡಿಸಿದ್ದೆ.

"ರೀ, ಜೀಪಿನ ಜೊತೆ ಬಂದ ಪುಸ್ತಕ ಒಂದ್ಸಲ ನೋಡ್ಬಾರ್ದಾ?" ಎಂದಳು ಹೆಂಡತಿ, ಅಡುಗೆಮನೆಯಿಂದಲೇ. ನೋಡಿದೆ. ತಂತಿ ಬದಲಾಯಿಸಿದೆ. ಜೀಪು ನೆಟ್ಟಗೆ ಹೋಯಿತು. ಮೊಮ್ಮಗಳು ಅಳಲು ಶುರುಮಾಡಿದಳು.

"ಅಜ್ಜ, ಮೊದಲಿನ ಥರಾನೇ ಮಾಡು!"

ಈ ಜೀಪು ಬಂದದ್ದೇ ಅಳುವಿನಿಂದ. ಮೂರು ತುಂಬಿದಾಗ ಅವಳಿಗೆ ಸ್ಕೂಟರ್ ಕೊಡಿಸಿದ್ದೆವು. ಮುಂದೆರಡು, ಹಿಂದೊಂದು ಚಕ್ರ; ಮೈ ವಾಲಿಸಿದತ್ತ ತಿರುಗುವಂಥದ್ದು. ವರ್ಷವಿಡೀ ಅದರ ಮೇಲೇ ಇದ್ದಳು. ಪಕ್ಕದ ಮನೆಯ ಹುಡುಗನಿಗೆ ಬ್ಯಾಟರಿ ಜೀಪು ಬಂದ ದಿನ ಸ್ಕೂಟರ್ ಮೂಲೆ ಸೇರಿತು. ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಇದೇ ಕಥೆ. ನೆರೆಯ ಹುಡುಗನ ಚಿನ್ನದ ಬಂಡಿ ಕಂಡ ರೋಹಸೇನನಿಗೆ ತನ್ನ ಮಣ್ಣಿನ ಬಂಡಿ ಬೇಡವಾಗುತ್ತದೆ. ವಸಂತಸೇನೆ ಮೈಮೇಲಿನ ಒಡವೆ ಬಿಚ್ಚಿ ಆ ಬಂಡಿಗೆ ತುಂಬುತ್ತಾಳೆ. ನಮ್ಮ ಮನೆಯಲ್ಲಿ ವಸಂತಸೇನೆಯ ಪಾತ್ರ ನನ್ನ ಪೆನ್ಷನ್ನಿಗೆ ಬಂತು.

ದೊಡ್ಡವರೂ ಮಕ್ಕಳ ಗಾಡಿಯ ಆಸೆಗೆ ಸೋತವರೇ. 1926ರಲ್ಲಿ ರೇಸ್ ಕಾರುಗಳ ಎತ್ತೋರೆ ಬುಗಾಟಿ, ಕಿರಿಯ ಮಗ ರೋಲಾಂಡನ ನಾಲ್ಕನೇ ಹುಟ್ಟುಹಬ್ಬಕ್ಕೆಂದು ತನ್ನ ಹೆಸರಾಂತ ಟೈಪ್ 35 ಕಾರನ್ನು ಅರ್ಧ ಅಳತೆಗೆ ಇಳಿಸಿ ಬ್ಯಾಟರಿ ಕಾರು ಮಾಡಿಸಿಕೊಟ್ಟ. ಒಂದೇ ಒಂದು ಅಂತ ಮಾಡಿದ್ದು. ಕಂಡ ಗಿರಾಕಿಗಳೆಲ್ಲ ತಮ್ಮ ಮಕ್ಕಳಿಗೂ ಬೇಕೆಂದರು. ಅದು ಟೈಪ್ 52 ಎಂಬ ಹೆಸರಿನಲ್ಲಿ ಮಾರಾಟಕ್ಕೇ ಬಂತು. ಅದಕ್ಕೂ 12 ವೋಲ್ಟ್ ಬ್ಯಾಟರಿ, ನಮ್ಮ ಜೀಪಿಗೂ 12 ವೋಲ್ಟ್. ಹೋಲಿಕೆ ಅಲ್ಲಿಗೆ ಮುಗಿಯಿತು.

ನನ್ನ ಮನಸ್ಸು ಮಾತ್ರ ಸ್ಕೂಟರಿನ ಕಡೆಗೇ. ಅದರ ಕಾಯಿಲೆಗಳು ಕಣ್ಣಿಗೆ ಕಾಣುವಂಥವು. ಒಂದು ದಿನ ಉರುಳುವುದು ನಿಧಾನವಾಯಿತು, ಮರುದಿನ ಹಿಂದಿನ ಚಕ್ರ ನಿಂತೇಬಿಟ್ಟಿತು. ಅಚ್ಚು ಬಿಚ್ಚಲು ಎರಡು ಅಲೆನ್ ಕೀ ಬೇಕು, ಈ ಬದಿ ಹಿಡಿಯಲೊಂದು, ಆ ಬದಿ ತಿರುಗಿಸಲೊಂದು. ಒಂದೇ ಇದ್ದರೆ ಅಚ್ಚು ನಿಮ್ಮ ಜೊತೆ ಸುಮ್ಮನೆ ಸುತ್ತುತ್ತಿರುತ್ತದೆ. ಬಿಚ್ಚಿದರೆ ಒಳಗೆ ಕೂದಲು! ಹೆಂಡತಿಯದು, ಸೊಸೆಯದು, ಗುಡಿಸಿದ ಮೇಲೂ ನೆಲದಲ್ಲಿ ಉಳಿದದ್ದೆಲ್ಲ ಅಚ್ಚಿಗೆ ಜಡೆಯಾಗಿ ಸುತ್ತಿಕೊಂಡಿತ್ತು. ಬ್ಲೇಡಿನಿಂದ ಸೀಳಿ, ಚಿಮಟದಿಂದ ಎಳೆದು ತೆಗೆದೆ. ಬಿಳಿಯದ್ದು ಯಾರದು, ಕರಿಯದ್ದು ಯಾರದು ಎಂಬ ಚರ್ಚೆಗೆ ನಾನು ಹೋಗಲಿಲ್ಲ.

ಕೂದಲಿನ ಹಿಂದೆ ಹೊಳೆಯುತ್ತಿದ್ದವು ಪುಟ್ಟ ಬೇರಿಂಗುಗಳು, ಚಕ್ರಕ್ಕೆರಡು. 608 ಎಂದು ಕೆತ್ತಿತ್ತು. ಒಳತೂತು 8 ಮಿ.ಮೀ., ಹೊರವ್ಯಾಸ 22, ದಪ್ಪ 7. ರೋಲರ್ ಸ್ಕೇಟಿನಲ್ಲೂ ಇದೇ. ಕೆಲವು ವರ್ಷದ ಕೆಳಗೆ ಮಕ್ಕಳೆಲ್ಲ ಬೆರಳ ಮೇಲೆ ತಿರುಗಿಸುತ್ತಿದ್ದ ಸ್ಪಿನ್ನರಿನ ನಡುವೆ ಇದ್ದದ್ದೂ ಸಾಮಾನ್ಯವಾಗಿ ಇದೇ. ರಬ್ಬರ್ ಮುಚ್ಚಳವಿದ್ದರೆ ಒರೆಸಿ ಹಾಕಿದರೆ ಸಾಕು, ಸೀಮೆಎಣ್ಣೆಯಲ್ಲಿ ಅದ್ದಿದರೆ ಒಳಗಿನ ಗ್ರೀಸೂ ತೊಳೆದುಹೋಗುತ್ತದೆ. ಬೆರಳಲ್ಲಿ ತಿರುಗಿಸಿದಾಗ ಕರಕರ ಎಂದರೆ ಹೊಸದು ಹಾಕುವುದೇ ವಾಸಿ.

ಆ ಕರಕರ ಸದ್ದು ನನ್ನನ್ನು ಬಾಲ್ಯದ ಊರು ಸಾಗರಕ್ಕೆ ಎಳೆದೊಯ್ಯುತ್ತದೆ. ಪೇಟೆಯ ಲಾರಿ ಗ್ಯಾರೇಜಿನಲ್ಲಿ ಸವೆದ ಬೇರಿಂಗ್ ಸಿಗುತ್ತಿತ್ತು. ಮೇಸ್ತ್ರಿ ದುಡ್ಡು ಕೇಳುತ್ತಿರಲಿಲ್ಲ, ಹಲಸಿನ ಹಪ್ಪಳ ಕೇಳುತ್ತಿದ್ದರು. ಅಮ್ಮನ ಡಬ್ಬದಿಂದ ಎರಡು ಕಟ್ಟು ಮಾಯವಾದರೆ ಮೂರು ಬೇರಿಂಗ್ ಬರುತ್ತಿತ್ತು. ಹಿಂದೆ ಎರಡು, ಮುಂದೆ ಒಂದು, ಮೇಲೊಂದು ಹಲಸಿನ ಹಲಗೆ, ಗಾಡಿ ತಯಾರು. ಮುಂದಿನ ಅಡ್ಡಪಟ್ಟಿಯನ್ನು ಒಂದೇ ಬೋಲ್ಟಿನ ಮೇಲೆ ಕೂರಿಸಿದರೆ ಅದೇ ಸ್ಟಿಯರಿಂಗು, ಕಾಲಲ್ಲಿ ಒತ್ತಿದತ್ತ ತಿರುಗುತ್ತಿತ್ತು. ಬ್ರೇಕು ಹಿಮ್ಮಡಿ. ಹಿಂದಿನ ಎರಡು ಬೇರಿಂಗುಗಳ ಅಳತೆ ಒಂದೇ ಇರುವುದು ದೇವರ ದಯೆ. ನಮ್ಮ ಗಾಡಿಗೆ ಆ ದಯೆ ಇರಲಿಲ್ಲ. ಸಣ್ಣ ಬೇರಿಂಗಿನ ಕಡೆಗೆ ಗಾಡಿ ವಾಲಿ ಸದಾ ಎಡಕ್ಕೆ ಎಳೆಯುತ್ತಿತ್ತು, ಇಳಿಜಾರಿನ ಎಡಕ್ಕೆ ಇದ್ದದ್ದು ಗೊಬ್ಬರದ ಗುಂಡಿ. ಸೈಕಲ್ ಟ್ಯೂಬು ಸುತ್ತಿ ಸಣ್ಣದನ್ನು ದೊಡ್ಡದು ಮಾಡುವ ಉಪಾಯ ಹೊಳೆಯಲು ನಮಗೆ ಒಂದು ಬೇಸಿಗೆ ಹಿಡಿಯಿತು. ಉಪಾಯ ಯಾರೂ ಹೇಳಿಕೊಟ್ಟದ್ದಲ್ಲ. ಹೇಳಿಕೊಡಲು ಬರುತ್ತಿದ್ದ ದೊಡ್ಡವರು ಮೊದಲು ಕಿವಿ ಹಿಂಡುತ್ತಿದ್ದರು.

ಇಂದಿನ ಮಡಚುವ ಸ್ಕೂಟರಿನ ಹುಟ್ಟು ಮಾತ್ರ ಒಬ್ಬ ದೊಡ್ಡವನ ಹಸಿವಿನಲ್ಲಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ವಿಮ್ ಔಬೋಟರ್ ಎಂಬವನಿಗೆ ಒಂದು ಸಂಜೆ ಸಾಸೇಜ್ ತಿನ್ನುವ ಆಸೆಯಾಯಿತಂತೆ. ಅಂಗಡಿ ನಡೆಯಲು ದೂರ, ಸೈಕಲ್ ಹೊರಗೆ ತೆಗೆಯಲು ಹತ್ತಿರ. ನಡುವಿನ ಆ ದೂರಕ್ಕೆಂದು ಅವನು ಯೋಚಿಸಿದ ಸಣ್ಣ ಚಕ್ರದ ಗಾಡಿಯೇ 2000ದ ಹೊತ್ತಿಗೆ ಲೋಕದ ಮಕ್ಕಳಿಗೆಲ್ಲ ಹುಚ್ಚು ಹಿಡಿಸಿತು. ಮಸಾಲೆದೋಸೆಗೆಂದು ಇಂಥದೇ ದೂರ ದಿನವೂ ನಡೆದ ಮೈಸೂರಿನವರು ನಾವು ಒಬ್ಬರೂ ಇದನ್ನು ಯೋಚಿಸಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಜೀಪಿನ ಕಾಯಿಲೆಗಳು ಹೀಗೆ ಮುಖ ತೋರಿಸುವುದಿಲ್ಲ. ಪಕ್ಕದ ಮನೆಯ ಹುಡುಗನನ್ನೂ ಕೂರಿಸಿಕೊಂಡು ಗೇಟಿನ ಏರು ಹತ್ತುವಾಗ ತಟ್ಟನೆ ನಿಂತುಬಿಡುತ್ತಿತ್ತು. ಐದು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು. ಬ್ಯಾಟರಿ ಬುಡದಲ್ಲಿ ಒಂದು ಫ್ಯೂಸ್ ಇದೆ, ಹೆಚ್ಚು ಕರೆಂಟು ಹರಿದು ಕಾದರೆ ಕಡಿಯುತ್ತದೆ, ತಣಿದರೆ ತಾನೇ ಕೂಡಿಕೊಳ್ಳುತ್ತದೆ. ಮನೆಯ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಕಟ್ಟಿ ಬೆಳೆದ ತಲೆಮಾರು ನಮ್ಮದು. ಇದಕ್ಕೂ ಒಂದು ತುಂಡು ಸುತ್ತಿದರಾಯಿತು ಎಂದು ತಂತಿ ಸುಲಿಯುತ್ತಿದ್ದೆ. ಮಗ ಕೈ ಹಿಡಿದ. "ಅಪ್ಪ, ಕೂರೋದು ಮಗು." 1998ರಲ್ಲಿ ಅಮೆರಿಕದಲ್ಲಿ ಪವರ್ ವೀಲ್ಸ್ ಎಂಬ ಇಂಥದೇ ಗಾಡಿಗಳನ್ನು, ವಿದ್ಯುತ್ ಭಾಗಗಳು ಕಾದು ಬೆಂಕಿ ಹತ್ತಬಹುದೆಂದು, ಸುಮಾರು 1 ಕೋಟಿಯಷ್ಟನ್ನು ದುರಸ್ತಿಗೆ ಕರೆದದ್ದನ್ನು ಅವನು ಆಮೇಲೆ ಓದಿ ಹೇಳಿದ. ತಂತಿ ಈಗ ಟೊಮೇಟೊ ಗಿಡಕ್ಕೆ ಆಸರೆಯಾಗಿದೆ.

ದೊಡ್ಡ ಅನಾಹುತ ನಡೆದದ್ದು ಬೇಸಿಗೆ ರಜೆಯಲ್ಲಿ. ಎರಡು ತಿಂಗಳು ಮೊಮ್ಮಗಳು ಧಾರವಾಡದಲ್ಲಿ, ಸೊಸೆಯ ತವರಲ್ಲಿ. ಜೀಪು ಮಂಚದ ಪಕ್ಕ, ಚಾರ್ಜು ಖಾಲಿಯಾದ ಸ್ಥಿತಿಯಲ್ಲೇ. ಜೂನ್‌ನಲ್ಲಿ ಅವಳು ಬಂದು ಪೆಡಲ್ ಒತ್ತಿದರೆ ಉಸಿರಿಲ್ಲ. ಚಾರ್ಜರ್ ಚುಚ್ಚಿದೆ, ಕೂಡಲೇ ಹಸಿರು ದೀಪ ಹೊತ್ತಿತು. ಹಸಿರೆಂದರೆ ಹೊಟ್ಟೆ ತುಂಬಿದೆ ಅಂತ. ಮಕ್ಕಳು ಹಗ್ಗ ಕಟ್ಟಿ ಎಳೆದು ನೋಡಿದರು. ಗೇರುಗಳು ಕಚ್ಚಿಕೊಂಡಿದ್ದರಿಂದ ಮೋಟಾರುಗಳನ್ನೂ ತಿರುಗಿಸಿಕೊಂಡೇ ಬರಬೇಕು. ಗಾಡಿ ಎಮ್ಮೆಯ ಹಾಗೆ ಜಗ್ಗಿತು. ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ತೋಟದ ಉದ್ದಕ್ಕೂ ಎಳೆದವನು ನಾನು. ಹಾಳೆಯೇ ಮೇಲು ಎಂದು ಗಟ್ಟಿಯಾಗಿ ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಮೀಟರ್ ಹಿಡಿದರೆ ಮೂರು ವೋಲ್ಟೂ ಇರಲಿಲ್ಲ. ತುಂಬಿದ ಬ್ಯಾಟರಿಯಲ್ಲಿ 12.7ರ ಆಸುಪಾಸು ಇರಬೇಕು. ಒಳಗಿರುವುದು ಸೀಸ ಮತ್ತು ಆಮ್ಲ, 1859ರಲ್ಲಿ ಫ್ರಾನ್ಸಿನ ಗಾಸ್ತೊನ್ ಪ್ಲಾಂಟೆ ಮಾಡಿದ ಬ್ಯಾಟರಿಯ ವಂಶ. ಬಳಸಿದಂತೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜು ಮಾಡಿದರೆ ಕರಗುತ್ತದೆ. ಹಾಗೇ ಬಿಟ್ಟರೆ ಹರಳುಗಟ್ಟಿ, ಹಳೆಯ ಬೆಲ್ಲದ ಅಚ್ಚಿನಂತೆ ಗಡುಸಾಗಿ ಆಮೇಲೆ ಕರಗುವುದೇ ಇಲ್ಲ. ಕರೆಂಟನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದಕ್ಕೇ ಆ ಸುಳ್ಳು ಹಸಿರು. ಕಂಪ್ಯೂಟರ್ ಅಂಗಡಿಯವನು ಅಳತೆ ನೋಡಿ, "ಸಾರ್, ಇದು ಯುಪಿಎಸ್‌ಗೆ ಹಾಕೋ 12 ವೋಲ್ಟ್ 7 ಆಂಪಿಯರ್-ಅವರ್‌ದೇ" ಎಂದು ಕೈಗಿಟ್ಟ. ಹಳೆಯದನ್ನು ತಕ್ಕಡಿಗೆ ಹಾಕಿ ಅಷ್ಟು ದುಡ್ಡು ಕಡಿಮೆ ಮಾಡಿದ. ನಾನು ಹೊರಡುವಾಗ ಒಂದು ಮಾತು ಹೇಳಿದ: ಓಡಿಸಲಿ ಬಿಡಲಿ, ತಿಂಗಳಿಗೊಮ್ಮೆ ಚಾರ್ಜು ಮಾಡಿ.

ತಿಂಗಳಿಗೊಮ್ಮೆ ಎಂಬುದು ನನ್ನ ನೆನಪಿನಲ್ಲಿ ನಿಲ್ಲುವುದಿಲ್ಲ, ಹೆಂಡತಿಯ ನೆನಪಿನಲ್ಲಿ ನಿಲ್ಲುತ್ತದೆ. ಅವಳಿಗೆ ಸಂಕಷ್ಟಿ ಇದೆ. ಆ ದಿನ ಬೆಳಿಗ್ಗೆ ಗಣಪತಿಗೆ ದೀಪ ಹಚ್ಚಿ ಬಂದು, "ನಂದು ಉಪವಾಸ, ನಿಮ್ಮ ಜೀಪಿಗೆ ಊಟ ಹಾಕಿ" ಎನ್ನುತ್ತಾಳೆ. ಒಂಬತ್ತಕ್ಕೆ ಚುಚ್ಚುತ್ತೇನೆ. ರಾತ್ರಿ ಅವಳು ಚಂದ್ರನನ್ನು ನೋಡಿ ಊಟಕ್ಕೆ ಕೂರುವಾಗ ತೆಗೆಯುತ್ತೇನೆ. ಪುಸ್ತಕದಲ್ಲಿ ಎಂಟರಿಂದ ಹನ್ನೆರಡು ಗಂಟೆ ಎಂದಿದೆ, ಹೆಚ್ಚುಕಡಿಮೆ ಸರಿಹೋಗುತ್ತದೆ.