ಗ್ಲೋಬಿನ ಮೇಲೊಂದು ದಾರ

ವಿಮಾನವನ್ನು ನಾನು ಇದುವರೆಗೆ ನೆಲದ ಮೇಲೆ ನಿಂತು ಕತ್ತೆತ್ತಿ ನೋಡಿದವನೇ ಹೊರತು ಹತ್ತಿದವನಲ್ಲ. ಆದರೂ ಒಬ್ಬಂಟಿ ವೈಮಾನಿಕರು ದೂರ ಪ್ರಯಾಣಕ್ಕೆ ಹೇಗೆ ಅಣಿಯಾಗುತ್ತಾರೆಂದು ಓದುವ ಚಟ ಈ ವರ್ಷ ನನಗೆ ಹತ್ತಿತು. ಹತ್ತಿಸಿದವನು ಚಾರ್ಲ್ಸ್ ಲಿಂಡ್‌ಬರ್ಗ್.

1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬನೇ ಹಾರಿದಾಗ ಅವನಿಗೆ ಇಪ್ಪತ್ತೈದು ವರ್ಷ. ಅಂಚೆ ವಿಮಾನ ನಡೆಸಿ ಪಳಗಿದ್ದನೇನೋ ನಿಜ. ಆದರೆ ಕಡಲ ಮೇಲೆ ದಾರಿ ಗುರುತಿಸುವ ವಿದ್ಯೆ ತಿಳಿಯದು. ವಿಮಾನ ಸಿದ್ಧವಾಗುತ್ತಿದ್ದ ಸ್ಯಾನ್ ಡಿಯಾಗೋದಲ್ಲಿ ನೌಕಾದಳದ ಅಧಿಕಾರಿಗಳಿದ್ದರು. ಇಷ್ಟೂ ಅರಿಯದವನು ಕಡಲು ದಾಟುತ್ತಾನಂತೆ ಎಂದುಕೊಂಡಾರೆಂಬ ಅಳುಕಿನಿಂದ ಅವರನ್ನು ಕೇಳಲಿಲ್ಲ. ಊರಿನ ಪುಸ್ತಕಭಂಡಾರದ ಗ್ಲೋಬಿನ ಮೇಲೆ ದಾರ ಹಿಡಿದು ಅಳೆದ: ಸುಮಾರು 3,600 ಮೈಲಿ. ಆಮೇಲೆ ನಕ್ಷೆಯಲ್ಲಿ ಆ ದಾರಿಯನ್ನು ನೂರು ನೂರು ಮೈಲಿಗೆ ಕಡಿದು, ಪ್ರತಿ ತುಂಡಿಗೂ ದಿಕ್ಕಿನ ಲೆಕ್ಕ ಬರೆದುಕೊಂಡ.

ರೇಡಿಯೋ ಬೇಡ, ಪ್ಯಾರಾಚೂಟ್ ಬೇಡ, ಎಲ್ಲ ಭಾರವೆಂದ. ನಕ್ಷೆಯ ಅಂಚನ್ನೂ ಕತ್ತರಿಸಿ ಎಸೆದನಂತೆ! ಅಂಥ ಜುಗ್ಗ ಪೆಟ್ರೋಲನ್ನು ಮಾತ್ರ 450 ಗ್ಯಾಲನ್ ತುಂಬಿಸಿಕೊಂಡ. ಮೂವತ್ತಮೂರೂವರೆ ಗಂಟೆ ಹಾರಿ ಇಳಿದಾಗ ಸುಮಾರು 85 ಗ್ಯಾಲನ್ ಮಿಕ್ಕಿತ್ತು. ಇಂದಿಗೂ ಅಮೆರಿಕದಲ್ಲಿ ಸ್ವಂತ ವಿಮಾನ ಹಾರಿಸುವವನು, ನೆಲ ನೋಡಿಕೊಂಡು ಹಾರುವಾಗ, ಊರು ಮುಟ್ಟುವಷ್ಟಲ್ಲದೆ ಹಗಲಲ್ಲಿ ಅರ್ಧ ಗಂಟೆಗೆ, ರಾತ್ರಿಯಲ್ಲಿ ಮುಕ್ಕಾಲು ಗಂಟೆಗೆ ಸಾಲುವಷ್ಟು ಹೆಚ್ಚಿಗೆ ಇಟ್ಟುಕೊಂಡೇ ಹೊರಡಬೇಕು. ಎದುರುಗಾಳಿ ಬೀಸಬಹುದು, ಮಂಜು ಕವಿಯಬಹುದು, ದಾರಿಯೇ ತಪ್ಪಬಹುದು. ತಪ್ಪುವುದನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯುವ ಈ ಜಾಣತನ ನನಗೆ ಬಹಳ ಹಿಡಿಸಿತು.

ನನ್ನ ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. "ಪರೀಕ್ಷೆ ಮುಗಿದ ಮೇಲೆ ಏನಪ್ಪಾ?" ಎಂದು ಹಬ್ಬಕ್ಕೆ ಹೋದಾಗಲೆಲ್ಲ ಕೇಳುತ್ತಾರೆ. ಮನೆಯಲ್ಲಿ ಯಾರೂ ನಡೆಯದ ದಾರಿ. ಮೇಷ್ಟರನ್ನು ಕೇಳೋಣವೆಂದರೆ ಲಿಂಡ್‌ಬರ್ಗನ ಅಳುಕೇ ನನಗೂ. ಹೀಗೆಯೇ ಮೂರು ವರ್ಷ ಕಳೆಯಿತು.

ಮೊನ್ನೆ ಭೂಗೋಳದ ಕೊಠಡಿಯಲ್ಲಿ ಯಾರೂ ಇಲ್ಲದ್ದು ನೋಡಿ ನಾನೂ ಗ್ಲೋಬಿಗೆ ದಾರ ಹಿಡಿದೆ. ಗೋಡೆಯ ನಕ್ಷೆಯಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಎಳೆದ ಗೆರೆ ನಟ್ಟನಡುಗಡಲಿಗೆ ಬೀಳುತ್ತದೆ. ಗ್ಲೋಬಿನ ಮೇಲೆ ಬಿಗಿದ ದಾರ ಉತ್ತರಕ್ಕೆ ಸರಿದು ನ್ಯೂಫೌಂಡ್‌ಲ್ಯಾಂಡನ್ನು ಸವರಿಕೊಂಡು ಹೋಯಿತು. ಸಪಾಟು ಕಾಗದದ ನೇರ ಗೆರೆ ಹತ್ತಿರದ ದಾರಿಯಲ್ಲವೆಂದು ಕಣ್ಣಾರೆ ಕಂಡು ಮೈಮರೆತಿದ್ದೆ.

"ಏನಯ್ಯಾ, ಭೂಮಿಗೆ ಉಡಿದಾರ ಕಟ್ಟುತ್ತಿದ್ದೀಯಾ?"

ಮೇಷ್ಟರು ಬಾಗಿಲಲ್ಲಿ ನಿಂತಿದ್ದರು. ನಾಚಿಕೆಯಿಂದ ತೊದಲುತ್ತಾ ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, ದಾರದ ಇನ್ನೊಂದು ತುದಿ ತಾವೇ ಹಿಡಿದರು. ಪ್ಯಾರಿಸ್ಸಿನ ಮಾತು ಮುಗಿದ ಮೇಲೆ, ಗ್ಲೋಬನ್ನೇ ನೋಡುತ್ತಾ ಕೇಳಿದೆ: "ಸರ್, ಮೈಸೂರಿನಲ್ಲಿ ಎಂ.ಎ. ಓದಬೇಕಾದರೆ ಅರ್ಜಿ ಯಾವಾಗ ಹಾಕಬೇಕು? ಕೈಯಲ್ಲಿ ಎಷ್ಟು ಹಣ ಇಟ್ಟುಕೊಂಡು ಹೋಗಬೇಕು?"