ಮೊಳೆತೂತಿನ ಸೂರ್ಯ

ಗ್ರಹಣದ ಸುದ್ದಿ ಬಂದಾಗಲೆಲ್ಲ ಮನೆಯ ಹುಡುಗರು ನನ್ನ ಸುತ್ತ ಕೂತು, "ಆ ಒನಕಿ ಕಥಿ ಹೇಳು" ಅನ್ನುತ್ತಾರೆ. ಒನಕೆ ಆಮೇಲೆ ಬರಲಿ. ಮೊದಲು ಕಿಟಕಿ.

ಗದಗ ಸೀಮೆಯ ಹಳ್ಳಿ ನಮ್ಮದು, ಆಗಿನ್ನೂ ಧಾರವಾಡ ಜಿಲ್ಲೆ. 1980ರ ಫೆಬ್ರುವರಿ 16, ಶನಿವಾರ, ಅಮಾವಾಸ್ಯೆ. ಶಿವರಾತ್ರಿ ಆಗಿ ಎರಡು ದಿನವಾಗಿತ್ತು. ಅಂಕೋಲೆಯ ಕಡೆ ಕಡಲಿನಿಂದ ನೆಲಕ್ಕೆ ಹತ್ತುವ ಚಂದ್ರನ ನೆರಳು ಹುಬ್ಬಳ್ಳಿ, ಗದಗ, ರಾಯಚೂರು ಹಾದು ಹೋಗುವುದಿತ್ತು. ಗುರುಗಳು ವಾರದ ಹಿಂದೆಯೇ ಬೋರ್ಡಿನ ಮೇಲೆ ಮೂರು ಉರುಟು ಬರೆದು ತಿಳಿಸಿದ್ದರು. ನನಗೆ ಹನ್ನೊಂದು ವರ್ಷ. ಎಲ್ಲ ಗೊತ್ತಾಗಿದೆ ಅಂದುಕೊಂಡಿದ್ದೆ.

ಅಂದು ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎತ್ತುಗಳನ್ನು ಮಧ್ಯಾಹ್ನವೇ ಕೊಟ್ಟಿಗೆಗೆ ಹೊಡೆದಿದ್ದರು. ಆಯಿ ಉಪ್ಪಿನಕಾಯಿ ಭರಣಿ, ಹಾಲಿನ ಗಡಿಗೆ, ಹಿಟ್ಟಿನ ಡಬ್ಬಿ, ಎಲ್ಲದರ ಮೇಲೂ ಗರಿಕೆ ಇಟ್ಟಳು. ಚಿಗವ್ವ ಏಳು ತಿಂಗಳ ಬಸುರಿ. ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, "ಕೈಕಾಲು ಮುದುಡಬ್ಯಾಡ, ತುರಿಸ್ಕೋಬ್ಯಾಡ" ಎಂದು ನಾಲ್ಕು ಸಲ ಹೇಳಿದಳು. ಪಡಸಾಲೆಯ ನಡುವೆ ಹಿತ್ತಾಳೆ ಪರಾತದಲ್ಲಿ ಅರಿಶಿನ ನೀರು ಹುಯ್ದು, ಕಬ್ಬಿಣದ ಅಣಸಿನ ಒನಕೆಯನ್ನು ಅದರಲ್ಲಿ ನಿಲ್ಲಿಸಿ ಮೆಲ್ಲಗೆ ಕೈ ಬಿಟ್ಟಳು. ನಿಂತಿತು. ಗ್ರಹಣ ಹಿಡಿದಿರುವಷ್ಟು ಹೊತ್ತು ಒನಕೆ ನಿಲ್ಲುತ್ತದೆ, ಬಿಟ್ಟ ಕೂಡಲೆ ಬೀಳುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅಪ್ಪ ಕದ ಹಾಕಿ ಅಗಳಿ ಸರಿಸಿದ. ಕಿಟಕಿ ಬಾಗಿಲನ್ನೂ ಬಿಗಿದ.

ಆ ಪಡುವಣ ಕಿಟಕಿಯ ಬಾಗಿಲಲ್ಲಿ ಒಂದು ಹಳೆಯ ಮೊಳೆ ಉದುರಿ ತೂತು ಬಿದ್ದಿತ್ತು. ಕಮ್ಮಾರಸಾಲೆಯ ಮೊಳೆ, ಹಾಗಾಗಿ ತೂತು ಚೌಕ. ಆದರೆ ಇಳಿಹೊತ್ತಿನಲ್ಲಿ ಅದರಿಂದ ನೆಲಕ್ಕೆ ಬೀಳುತ್ತಿದ್ದ ಬೆಳಕು ಮಾತ್ರ ದುಂಡಗೆ, ರೂಪಾಯಿ ನಾಣ್ಯದಷ್ಟು. ಚೌಕ ತೂತಿನಿಂದ ದುಂಡು ಬೆಳಕು ಹೇಗೆ ಬರುತ್ತದೆ ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ. ಅದು ತೂತಿನ ಆಕಾರವಲ್ಲ, ಸೂರ್ಯನದೇ ಚಿತ್ರ, ತಲೆಕೆಳಗಾಗಿ ನಮ್ಮ ಸಗಣಿ ಸಾರಿಸಿದ ನೆಲದ ಮೇಲೆ ಬಂದು ಕೂರುತ್ತದೆ ಅನ್ನುವುದು ಅಂದೇ ಗೊತ್ತಾದದ್ದು.

ಎರಡೂವರೆ ಹೊತ್ತಿಗೆ ಆ ನಾಣ್ಯದ ಒಂದು ಅಂಚು ಸವೆದಿತ್ತು. ಕಣ್ಣುಜ್ಜಿ ನೋಡಿದೆ. ಇಲಿ ಕಡಿದ ರೊಟ್ಟಿಯ ಹಾಗೆ ಕಾಣುತ್ತಿತ್ತು.

"ಆಯಿ, ಗ್ರಾಣ ಮನಿಯೊಳಗ ಬಂದದ!"

ಬೈಯುತ್ತಾಳೆ, ತೂತಿಗೆ ಅರಿವೆ ತುರುಕುತ್ತಾಳೆ ಅಂದುಕೊಂಡೆ. ಅವಳು ಜಪದ ಸರ ಕೆಳಗಿಟ್ಟು, ನೆಲಕ್ಕೆ ಕೈಯೂರಿ ಸರಿದು ಬಂದು ಬಹಳ ಹೊತ್ತು ನೋಡಿದಳು. ಆಮೇಲೆ ಆ ಬೆಳಕಿನ ಕೆಳಗೆ ಅಂಗೈ ಹಿಡಿದಳು. ಕುಡುಗೋಲಿನಂಥ ಸೂರ್ಯ ಅವಳ ಅಂಗೈಯ ಗೆರೆಗಳ ಮೇಲೆ ಬಂದು ಕೂತ. ಬೆಳಕು ಅಷ್ಟಷ್ಟೇ ಸರಿದ ಹಾಗೆ ಅವಳೂ ಕೈ ಸರಿಸಿದಳು.

"ಎಷ್ಟು ಸಣ್ಣಾಗ್ಯಾನ ನೋಡು" ಅಂದಳು. ನನಗಲ್ಲ. ಸ್ವಲ್ಪ ಹೊತ್ತಿಗೆ ಅದೇ ದನಿಯಲ್ಲಿ, "ಆತು, ಆತು, ಇನ್ನೊಂದೀಟು ತಡಕೋ." ಹೆರಿಗೆ ಮನೆಯಲ್ಲಿ ಹೆರುವವಳ ಸೊಂಟ ಒತ್ತುತ್ತಾ ಆಡುವ ಮಾತು ಅದು. ಊರಿನ ಎಷ್ಟೋ ಹೆರಿಗೆಗೆ ಆಯಿ ಹೋದವಳು. ಸೂರ್ಯನನ್ನು ರಾಹು ನುಂಗುತ್ತಾನೆ ಎಂದೇ ಅವಳು ನಂಬಿದ್ದಳು. ಆ ನಂಬಿಕೆ ಅಂದು ನನ್ನ ಕಣ್ಣೆದುರು ಹೆದರಿಕೆಯಾಗಿ ಬರಲಿಲ್ಲ, ನೋವು ತಿನ್ನುವವನ ಪಕ್ಕ ಕೂರುವ ಕೆಲಸವಾಗಿ ಬಂತು. ಇದನ್ನು ನನಗೆ ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಲಾಗಿಲ್ಲ.

ಮೂರೂವರೆ ದಾಟಿತು. ಅಂಗೈಯಲ್ಲಿ ಉಗುರಿನ ಚೂರಿನಷ್ಟು ಬೆಳಕು ಉಳಿಯಿತು. ಹೊರಗೆ ಬೇವಿನ ಮರಕ್ಕೆ ಕಾಗೆಗಳು ಗದ್ದಲ ಮಾಡುತ್ತಾ ಇಳಿದವು. ಕದದ ಸಂದಿಯಿಂದ ತಣ್ಣನೆ ಗಾಳಿ ಬಂತು. ಆ ಚೂರೂ ಹೋಯಿತು.

ಕತ್ತಲೆ. ಗುರುಗಳ ಮೂರು ಉರುಟು ನನಗೆ ಬಾಯಿಪಾಠ ಇದ್ದವು, ಆದರೆ ಆ ಹೊತ್ತಿನಲ್ಲಿ ಅವು ನನ್ನ ಹತ್ತಿರ ಬರಲಿಲ್ಲ. ಇನ್ನು ಬೆಳಕು ಬರುವುದೇ ಇಲ್ಲ ಅನ್ನಿಸಿತು. ನಾನು ಯಾರು, ಎಲ್ಲಿ ಕೂತಿದ್ದೇನೆ ಅನ್ನುವುದೂ ಒಂದು ಗಳಿಗೆ ತಪ್ಪಿಹೋಯಿತು. ಆಯಿಯ ಸೀರೆ ಸೆರಗು ಕೈಗೆ ಸಿಕ್ಕಿತು, ಹಿಡಿದುಕೊಂಡೆ. ಎರಡೂವರೆ ನಿಮಿಷದ ಆಸುಪಾಸು ಎಂದು ಆಮೇಲೆ ಓದಿದ್ದೇನೆ. ಅಷ್ಟೂ ಹೊತ್ತು ಅವಳು ಅಂಗೈಯನ್ನು ಹಾಗೇ ಚಾಚಿಕೊಂಡಿದ್ದಳು ಅಂತ ಕಾಣುತ್ತದೆ. ಯಾಕೆಂದರೆ ಬೆಳಕು ಮರಳಿ ಬಂದಾಗ, ಸಾಸಿವೆ ಕಾಳಿನಂಥ ಮೊದಲ ಹನಿ ಬಿದ್ದದ್ದು ಆ ಅಂಗೈಯ ಮೇಲೇ.

ಹೊರಗೆ ಹೋಗಿ ನೋಡಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಖಗೋಳ ವಿಜ್ಞಾನಿಗಳು ಅಂದು ದುರ್ಬೀನು ಹೂಡಿ ಕೂತಿದ್ದರು. ಸೂರ್ಯನ ಚಟುವಟಿಕೆ ಏರಿದ್ದ ಕಾಲ. ಪ್ರಭಾವಲಯ ಸುತ್ತಲೂ ಸಮನಾಗಿ ಸೇವಂತಿಗೆಯ ಹಾಗೆ ಅರಳಿದ್ದನ್ನು ದೊಡ್ಡವನಾದ ಮೇಲೆ ಫೋಟೊದಲ್ಲಿ ನೋಡಿ ಹೊಟ್ಟೆಯಲ್ಲಿ ಕಲಸಿದಂತಾಯಿತು. ಪೂರ್ತಿ ಮುಚ್ಚಿದ ಆ ಎರಡೂವರೆ ನಿಮಿಷ ಬರಿಗಣ್ಣಿನಿಂದ ನೋಡಿದರೂ ಏನೂ ಆಗುತ್ತಿರಲಿಲ್ಲ. ಇನ್ನು ನಮ್ಮ ದೇಶಕ್ಕೆ ಅಂಥ ಪೂರ್ಣ ಗ್ರಹಣ 2034ರ ಮಾರ್ಚ್‌ನಲ್ಲಿ, ಅದೂ ಕಾಶ್ಮೀರ, ಲಡಾಖಿನ ಕಡೆ. ಅದಕ್ಕೇ ಹುಡುಗರಿಗೆ ಹೇಳುತ್ತೇನೆ, ಆ ಕಾಲ ಬಂದರೆ ಕದ ತೆಗೆದು ಹೊರಡಿ ಎಂದು.

ಒನಕೆ? ಗ್ರಹಣ ಬಿಟ್ಟು, ಎಲ್ಲರೂ ಮಿಂದು, ಒಲೆ ಹೊತ್ತಿಸಿದ ಮೇಲೂ ಅದು ನಿಂತೇ ಇತ್ತು. ಆಯಿಯೇ ಎತ್ತಿ ಮೂಲೆಗಿಟ್ಟಳು. ವಾರದ ಮೇಲೆ ಯಾರೂ ಇಲ್ಲದಾಗ ಅದೇ ಪರಾತದಲ್ಲಿ ನಾನೂ ನಿಲ್ಲಿಸಿದೆ. ಎರಡು ಸಲ ಬಿತ್ತು, ಮೂರನೆಯ ಸಲ ನಿಂತಿತು. ಓಡಿ ಹೋಗಿ ಅವಳನ್ನು ಎಳೆದು ತಂದು ತೋರಿಸಿದೆ.

"ಗ್ರಾಣ ಇಲ್ಲದನೂ ನಿಂತದ ನೋಡು!"

ನೋಡಿದಳು. "ನಿಂತದ. ಅಂದೂ ನಿಂತಿತ್ತು, ಇಂದೂ ನಿಂತದ. ಬೀಳಲಿಲ್ಲಲ್ಲ, ಅಷ್ಟ ಸಾಕು" ಎಂದು ಕಾಲು ಕೆ.ಜಿ. ಶೇಂಗಾ ತರಲು ನನ್ನನ್ನು ಅಂಗಡಿಗೆ ಅಟ್ಟಿದಳು.

ಬಸುರಿ ಇರುವ ಮನೆಯೊಳಗೆ ಗ್ರಹಣದ ಬೆಳಕು ಬಿದ್ದದ್ದು ಅಪ್ಪನಿಗೆ ಆಮೇಲೆ ತಿಳಿಯಿತು. ನನ್ನ ಬಾಯಿಂದಲೇ. ಒಂದು ಬೆಳಿಗ್ಗೆ ಕಟ್ಟಿಗೆಯ ಬೆಣೆ, ಸುತ್ತಿಗೆ ಹಿಡಿದು ಕಿಟಕಿಯ ಹತ್ತಿರ ಹೋದ. ಆಯಿ ಅಡುಗೆಮನೆಯಿಂದಲೇ ಕೂಗಿದಳು:

"ಮುಚ್ಚಬ್ಯಾಡಪಾ ಅದನ್ನ. ಅವಂಗ ಬರಾಕ ಒಂದು ದಾರಿ ಬ್ಯಾಡೇನು?"