ಕಡಲಾಳದ ಕಿರುಸುಳಿಗಳು

ಕಡಲಿನ ಕಿರುಸುಳಿಗಳನ್ನು ಮೊದಲು ನಂಬುವಂತೆ ಅಳೆದದ್ದು ಕೆನಡಾದ ಪಶ್ಚಿಮ ಕರಾವಳಿಯ ಡಿಸ್ಕವರಿ ಪ್ಯಾಸೇಜ್ ಎಂಬ ಇಕ್ಕಟ್ಟಾದ ಜಲಮಾರ್ಗದಲ್ಲಿ. ಎಚ್. ಎಲ್. ಗ್ರಾಂಟ್ ಮತ್ತು ಸಂಗಡಿಗರು ಉಬ್ಬರವಿಳಿತದ ಸೆಳೆತ ಜೋರಾಗಿರುವ ಅಲ್ಲಿ ಬಿಸಿ ಮಾಡಿದ ಲೋಹಪದರದ ಸಂವೇದಕವನ್ನು ಹಡಗಿಗೆ ಕಟ್ಟಿ ಎಳೆದರು. ಹರಿಯುವ ನೀರು ಅದರ ಬಿಸಿಯನ್ನು ಕಸಿಯುವ ಏರಿಳಿತದಿಂದ ನೀರಿನ ವೇಗದ ಏರಿಳಿತ ಗೊತ್ತಾಗುತ್ತಿತ್ತು. ದೊಡ್ಡ ಸುಳಿಗಳ ಶಕ್ತಿ ಚಿಕ್ಕವಕ್ಕೆ ಹೇಗೆ ಹಂಚಿಹೋಗುತ್ತದೆ ಎಂದು ಸೋವಿಯತ್ ಗಣಿತಜ್ಞ ಕೊಲ್ಮೊಗೊರೊವ್ 1941ರಲ್ಲಿ ಹೇಳಿದ್ದ ನಿಯಮಕ್ಕೆ 1962ರಲ್ಲಿ ಪ್ರಕಟವಾದ ಈ ಅಳತೆ ಪುರಾವೆಯಾಯಿತು.

ಆಳಕ್ಕೆ ಇಳಿಯಲೇಬೇಕಾದ ಕಾರಣ 1966ರಲ್ಲಿ ಸಿಕ್ಕಿತು. ಧ್ರುವಗಳ ಬಳಿ ಮುಳುಗುವ ತಣ್ಣನೆಯ ನೀರು ಮತ್ತೆ ಮೇಲೇರಬೇಕಾದರೆ ಇಂಥ ಕಿರುಸುಳಿಗಳ ಕಲಕಾಟದಿಂದ ಮೇಲಿನ ಶಾಖ ಕೆಳಗಿನವರೆಗೆ ಬೆರೆಯಬೇಕು. ಅದಕ್ಕೆ ಬೇಕಾದ ಬೆರಕೆಯ ಪ್ರಮಾಣವನ್ನು ಅಮೆರಿಕದ ಸಾಗರವಿಜ್ಞಾನಿ ವಾಲ್ಟರ್ ಮಂಕ್ ಲೆಕ್ಕ ಹಾಕಿಟ್ಟರು. ಅಷ್ಟು ಬೆರಕೆ ನಿಜಕ್ಕೂ ನಡೆಯುತ್ತಿದೆಯೇ ಎಂದು ತಿಳಿಯಲು ಅಳೆಯುವುದೊಂದೇ ದಾರಿ.

ಆದರೆ ಆಳದ ಕಲಕಾಟ ಬಲು ಕ್ಷೀಣ. ಒಂದು ಕಿಲೋಗ್ರಾಂ ನೀರಿನಲ್ಲಿ ಶಾಖವಾಗಿ ಕರಗುವ ಅದರ ಶಕ್ತಿ ಎಷ್ಟೋ ಕಡೆ ವ್ಯಾಟ್‌ನ ನೂರು ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಕೇಬಲ್‌ಗೆ ತೂಗುಬಿಟ್ಟ ಉಪಕರಣದಲ್ಲಿ ಹಡಗಿನ ಕುಲುಕಾಟವೇ ಇದನ್ನು ಮುಚ್ಚಿಹಾಕುತ್ತದೆ. ಆದ್ದರಿಂದ ಉಪಕರಣವನ್ನು ಹಡಗಿನ ನಂಟಿನಿಂದಲೇ ಬಿಡಿಸಬೇಕಾಯಿತು. ಈ ಕಸುಬಿನ ಅತಿ ದಿಟ್ಟ ಹೆಜ್ಜೆ ಅದು. 1970ರ ದಶಕದಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಆಸ್ಬಾರ್ನ್, ತಾನಾಗಿ ಕೆಳಗಿಳಿಯುವ ಉಪಕರಣದ ಮೂತಿಗೆ ಪೆನ್ಸಿಲ್ ದಪ್ಪದ ಸಂವೇದಕ ಕೂರಿಸಿದರು. ಅಡ್ಡಹರಿವು ತಾಕಿದಾಗ ಅದರೊಳಗಿನ ಸೆರಾಮಿಕ್ ಪಟ್ಟಿ ತುಸು ಬಾಗಿ ವಿದ್ಯುತ್ ಸಂಕೇತ ಹುಟ್ಟಿಸುತ್ತದೆ. ಸೆಂಟಿಮೀಟರ್ ಗಾತ್ರದ ಕಲಕಾಟವೂ ದಾಖಲಾಗುತ್ತದೆ. ಮುಂದೆ ಇಂಥ ಉಪಕರಣಗಳು ಸಾವಿರಾರು ಮೀಟರ್ ಇಳಿಯತೊಡಗಿದವು. ತಳದ ಹತ್ತಿರ ಭಾರ ಕಳಚಿ, ಹಗುರಾಗಿ ಅವು ಮೇಲೆ ಬರುತ್ತಿದ್ದವು. ಡೆಕ್ಕಿನ ಮೇಲಿದ್ದವರು ಗಂಟೆಗಟ್ಟಲೆ ಕಾದು, ರೇಡಿಯೊ ಸಂಕೇತ ಹಿಡಿದು, ರಾತ್ರಿಯಾದರೆ ಮಿನುಗುದೀಪ ಹುಡುಕಿ ಎತ್ತಿಕೊಳ್ಳಬೇಕಿತ್ತು. ಉಪಕರಣ ಕಳೆದರೆ ಅದರೊಳಗಿನ ದಾಖಲೆಯೂ ಕಳೆದಂತೆಯೇ.

ಅಂಥ ದುಡಿಮೆಗೆ ದೊಡ್ಡ ಫಲ ಸಿಕ್ಕಿದ್ದು ದಕ್ಷಿಣ ಅಟ್ಲಾಂಟಿಕ್‌ನ ಬ್ರೆಜಿಲ್ ಬೇಸಿನ್ ಎಂಬ ಕಡಲಾಳದ ತಗ್ಗಿನಲ್ಲಿ. ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ತಂಡದ ಅಳತೆಗಳು 1997ರಲ್ಲಿ ಪ್ರಕಟವಾದವು. ನುಣುಪಾದ ತಳದ ಮೇಲೆ ಬೆರಕೆ ಮಂಕ್ ಹೇಳಿದ್ದರ ಹತ್ತನೇ ಒಂದು ಪಾಲಿನಷ್ಟೇ ಇತ್ತು. ನಡು ಅಟ್ಲಾಂಟಿಕ್ ಪರ್ವತಸಾಲಿನ ಒರಟು ಇಳಿಜಾರಿನಲ್ಲಿ ಮಾತ್ರ ತಳಕ್ಕೆ ಹತ್ತಿರವಾದಂತೆ ಅದು ಏರುತ್ತಾ ಆ ಪ್ರಮಾಣವನ್ನೂ ದಾಟಿತ್ತು. ಉಬ್ಬರವಿಳಿತದ ಹರಿವು ಆ ಏಣುಗಳನ್ನು ಹಾಯುವಾಗ ನೀರಿನೊಳಗೆ ಅಲೆಗಳೇಳುತ್ತವೆ. ಅವು ಒಡೆದಲ್ಲಿ ನೀರು ಬೆರೆಯುತ್ತದೆ.

ಈಗ ಗ್ಲೈಡರ್ ಎಂಬ ಚಾಲಕರಿಲ್ಲದ ನೀರೊಳಗಿನ ಯಂತ್ರಗಳೂ ಇಂಥ ಸಂವೇದಕಗಳನ್ನು ಹೊತ್ತು ತಿಂಗಳುಗಟ್ಟಲೆ ಸಂಚರಿಸುತ್ತವೆ, ಆದರೆ ಹೆಚ್ಚಾಗಿ ಮೇಲಿನ ಸಾವಿರ ಮೀಟರ್‌ನೊಳಗೆ. ಅದಕ್ಕಿಂತ ಆಳಕ್ಕೆ, ಹಡಗಿನಿಂದ ಇಳಿಬಿಡುವ ಮಾಮೂಲಿ ಉಪಕರಣಗಳಿಗೇ ಚುರುಕಾದ ತಾಪ ಸಂವೇದಕ ಕಟ್ಟಿ, ತಾಪದ ಸೂಕ್ಷ್ಮ ಏರಿಳಿತದಿಂದ ಬೆರಕೆಯನ್ನು ಲೆಕ್ಕ ಹಾಕುವ ಕ್ರಮವೂ ಬಂದಿದೆ.